ಏಣಿ ಮಾಡಿದವನು

"ದೇವರಿಗೆ ಎಲ್ಲವೂ ಗೊತ್ತಿದೆಯಲ್ಲ ಸ್ವಾಮಿ, ಮತ್ತೆ ಗುರುಗಳ ಮುಂದೆ ಪಾಪನಿವೇದನೆಯಲ್ಲಿ ಒಂದೊಂದನ್ನೂ ಬಾಯಿಬಿಟ್ಟು ಏಕೆ ಹೇಳಬೇಕು? 'ನಾನು ಪಾಪಿ, ಕ್ಷಮಿಸು' ಎಂದರೆ ಸಾಲದೆ?"

ಕೇಳಿದವನು ಚೌರಪ್ಪ, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಉಪದೇಶಿ. ಕೇಳಿದ ಮೇಲೆ ಅವಸರದಿಂದ ಒಂದು ಮಾತು ಸೇರಿಸಿದ. "ನನಗಾಗಿ ಅಲ್ಲ ಸ್ವಾಮಿ, ಜನ ಕೇಳುತ್ತಾರೆ."

"ಜನ ಕೇಳಿದ ಮೇಲೆ ಹೇಳದೆ ಇರಲಾದೀತೆ?" ಎಂದು ಚರ್ಚಿನ ವೃದ್ಧ ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ಪಕ್ಕದ ಮನೆಯವನು ಗಾರೆ ಮೇಸ್ತ್ರಿ. ಹಬ್ಬ ಹತ್ತಿರ ಬಂತು, ದೇವಾಲಯಕ್ಕೆ ಸುಣ್ಣ ಹೊಡೆಯಬೇಕಾಗಿತ್ತು. ಮೇಸ್ತ್ರಿ ಉದ್ದನೆಯ ಏಣಿಯೊಂದನ್ನು ಮಾಡಿಕೊಡು ಎಂದ. ಬಡಗಿ ಮಾಡಿದ. ಎಲ್ಲ ಮುಗಿದ ಮೇಲೆ ನೋಡಿದರೆ ಮೇಲಿನ ಮೆಟ್ಟಿಲೊಂದರಲ್ಲಿ ಬಿರುಕು. ಅದನ್ನು ಕಿತ್ತು ಬೇರೆ ಮೆಟ್ಟಿಲು ಕೂರಿಸಬೇಕಾಗಿತ್ತು. ಮರ ಇತ್ತು, ಸಮಯವೂ ಇತ್ತು. ಮನಸ್ಸು ಮಾತ್ರ ಇರಲಿಲ್ಲ. ಪೂಜೆಯಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡೊಂದು ಅವನ ಮನೆಯಲ್ಲಿತ್ತು. ಅದನ್ನು ಕರಗಿಸಿ, ಮರದ ಪುಡಿ ಕಲಸಿ, ಬಿರುಕಿಗೆ ತುಂಬಿ ನುಣ್ಣಗೆ ಉಜ್ಜಿದ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ.

ಮೇಸ್ತ್ರಿ ಏಣಿ ಹತ್ತಿದ. ಮೆಟ್ಟಿಲು ಮುರಿಯಿತು. ಬಿದ್ದವನು ಬದುಕಿದ, ಆದರೆ ಒಂದು ಕಾಲು ಮತ್ತೆ ನೆಟ್ಟಗಾಗಲಿಲ್ಲ. ಅಂದಿಗೆ ಅವನ ಕಸುಬು ಮುಗಿಯಿತು. ದಪ್ಪ ಆಳು, ಕೈಯಲ್ಲಿ ಸುಣ್ಣದ ಬಕೆಟ್ ಬೇರೆ, ಮೆಟ್ಟಿಲು ತಾನೇ ಎಷ್ಟು ತಡೆದೀತು ಎಂದು ಊರು ಮಾತಾಡಿಕೊಂಡಿತು. ಬಡಗಿ ಅಲ್ಲೇ ನಿಂತು ಕೇಳಿಸಿಕೊಂಡ. ಬಾಯಿ ತೆರೆಯಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರದ ದಿನ ದೇವಾಲಯಕ್ಕೆ ಹೋಗುವ ಮೊದಲು ಎಲ್ಲರೂ ನೆರೆಮನೆಗೆ ಹೋಗಿ ಕೈಮುಗಿದು, "ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸು" ಎನ್ನಬೇಕು. ನೆರೆಯವರು "ಕ್ಷಮಿಸಿದೆ, ನೀನೂ ನನ್ನನ್ನು ಕ್ಷಮಿಸು" ಎನ್ನಬೇಕು. ಬಡಗಿ ಪ್ರತಿ ವರ್ಷ ಮೇಸ್ತ್ರಿಯ ಬಾಗಿಲಿಗೆ ಹೋಗಿ ಈ ಮಾತು ಹೇಳಿದ. ಮೇಸ್ತ್ರಿ ಪ್ರತಿ ವರ್ಷ ಕ್ಷಮಿಸಿದ. ಬಡಗಿ ಹೋದ ಹಾಗೆಯೇ ಮನೆಗೆ ಬಂದ.

ಪಾಪನಿವೇದನೆಗೂ ಅವನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ, ಗುರುಗಳ ಪ್ರಸಂಗದ ಹೊತ್ತಿನಲ್ಲಿ ತೂಕಡಿಸಿದೆ ಎಂದೆಲ್ಲ ಹೇಳುತ್ತಿದ್ದ. ತೂಕಡಿಸಿದ್ದನ್ನು ಎಷ್ಟು ವಿವರವಾಗಿ ಬೇಕಾದರೂ ಹೇಳುತ್ತಿದ್ದ. ಏಣಿಯ ಹತ್ತಿರ ಬಂದರೆ ನಾಲಿಗೆ ಏಳುತ್ತಿರಲಿಲ್ಲ.

ಅದರ ಬದಲಿಗೆ ಮೇಸ್ತ್ರಿಗೊಂದು ಊರುಗೋಲು ಮಾಡಿಕೊಟ್ಟ. ಒಳ್ಳೆಯ ಮರ, ಎಲ್ಲೂ ಬಿರುಕಿಲ್ಲ. ಅದು ಸವೆದಾಗ ಇನ್ನೊಂದು ಮಾಡಿಕೊಟ್ಟ. ಎಂಥ ದಯೆ ನೋಡಿ ಎಂದು ಊರು ಕೊಂಡಾಡಿತು. ಒಬ್ಬೊಬ್ಬರು ಹೊಗಳಿದಾಗಲೂ ಅವನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋಗುವಂತೆ ಆಗುತ್ತಿತ್ತು. ಆದರೂ ಹೊಗಳಿಕೆಯನ್ನು ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಲ್ಲ.

ಹೀಗಿರುವಾಗ ಒಂದು ವರ್ಷ, ಪವಿತ್ರ ಗುರುವಾರ ಗುರುಗಳು ಕಾಲು ತೊಳೆಯುವ ಹನ್ನೆರಡು ಮಂದಿಯಲ್ಲಿ ಬಡಗಿಯೂ ಒಬ್ಬನಾಗಲಿ ಎಂದು ಊರೇ ಆರಿಸಿತು. ಯೇಸುಸ್ವಾಮಿ ಕಾಲು ತೊಳೆದ ಹನ್ನೆರಡು ಶಿಷ್ಯರ, ಅಂದರೆ ಪ್ರೇಷಿತರ, ಸ್ಥಾನದಲ್ಲಿ ಕೂರುವ ಗೌರವ ಅದು. ಬಡಗಿ ಬಿಳಿ ಪಂಚೆ ಉಟ್ಟು, ಪದ್ಧತಿಯಂತೆ ಮೊದಲು ಮೇಸ್ತ್ರಿಯ ಮನೆಗೆ ಹೋದ. ಕೈಮುಗಿದು, "ತಿಳಿದೋ ತಿಳಿಯದೆಯೋ..." ಎಂದು ಶುರುಮಾಡಿದ.

"ತಿಳೀದೆ ಮಾಡಿದ್ದು ಇರಲಿ ಬಿಡಪ್ಪ," ಎಂದ ಮೇಸ್ತ್ರಿ. "ತಿಳಿದು ಮಾಡಿದ್ದು ಹೇಳು."

ಹಾಗೆಂದು ಒಳಗಿನಿಂದ ಒಂದು ಮರದ ತುಂಡನ್ನು ತಂದು ಅವನ ಮುಂದೆ ಇಟ್ಟ. ಮುರಿದ ಮೆಟ್ಟಿಲು. ಮುರಿದ ಕಡೆ ಮೇಣ ಇನ್ನೂ ಅಂಟಿಕೊಂಡಿತ್ತು.

ಬಡಗಿ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ಹೇಳಿದ. ಬಿರುಕು ಕಂಡದ್ದು, ಮೇಣ ತುಂಬಿದ್ದು, ಊರು ಮಾತಾಡಿದಾಗ ಸುಮ್ಮನಿದ್ದದ್ದು, ಹೊಗಳಿಸಿಕೊಂಡದ್ದು, ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ ಅತ್ತ. ಅತ್ತ ಮೇಲೆ ಕೇಳಿದ:

"ಮೊದಲ ದಿನದಿಂದ್ಲೂ ನಿನಗೆ ಗೊತ್ತಿತ್ತು. ಒಂದು ಸಲನಾದ್ರೂ ಬೈಬಾರದಿತ್ತಾ? ಯಾಕೆ ಸುಮ್ಮನಿದ್ದೆ?"

"ಬೈಯೋ ಕೋಪ ಮೊದಲನೇ ವರ್ಷವೇ ಮುಗೀತು. ಕ್ಷಮಿಸಿಯೂ ಇಟ್ಟಿದ್ದೆ," ಎಂದ ಮೇಸ್ತ್ರಿ. "ಆದ್ರೆ ಆ ಕ್ಷಮೇನ ಯಾರ ಕೈಗೆ ಕೊಡಲಿ? ವರ್ಷವರ್ಷ ನನ್ನ ಬಾಗಿಲಿಗೆ ಬರ್ತಿದ್ದೋನು ಊರುಗೋಲು ಮಾಡಿಕೊಟ್ಟ ಒಳ್ಳೇ ಮನುಷ್ಯ. ಅವನನ್ನ ಕ್ಷಮಿಸೋಕೆ ಏನಿತ್ತು? ಏಣಿ ಮಾಡಿದೋನು ಇವತ್ತೇ ಬಂದದ್ದು."

ಹಾಗೆಂದು ಮೇಸ್ತ್ರಿ ಅವನನ್ನು ಕೈಹಿಡಿದು ಎಬ್ಬಿಸಿದ. ಇಬ್ಬರೂ ದೇವಾಲಯಕ್ಕೆ ಹೋದರು. ಪೀಠದ ಮುಂದೆ ಹನ್ನೆರಡು ಕುರ್ಚಿ ಹಾಕಿದ್ದರು. ಬಡಗಿ ಆ ಕಡೆ ಹೋಗಲಿಲ್ಲ. ಗುರುಗಳನ್ನು ಹುಡುಕಿಕೊಂಡು ಹೋಗಿ ಪಾಪನಿವೇದನೆಗೆ ಮೊಣಕಾಲೂರಿದ. ಆ ದಿನ ತೂಕಡಿಸಿದ್ದರ ಸುದ್ದಿ ಎತ್ತಲಿಲ್ಲ, ಮೊದಲು ಏಣಿಯ ಮಾತನ್ನೇ ಹೇಳಿದ.

ಕತೆ ಮುಗಿಯಿತು. ಚೌರಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದ.

"ಒಳ್ಳೆಯ ಕತೆ ಸ್ವಾಮಿ. ಜನರಿಗೆ ಹೇಳುತ್ತೇನೆ," ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಜನರೇನೋ ಬಂದು ಕೇಳಿಕೊಂಡು ಹೋದರು ಚೌರಪ್ಪ, ನೀನು ಯಾವಾಗ ಬರುತ್ತೀ?"