ಅರಗು ತುಂಬಿದ ಕೊಂಬು

"ಗುರುಗಳೇ, ನಿಮ್ಮ ಉಪದೇಶವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತೇನೆ. ನೀವು ಹೇಳಿದಾಗ ಮೈಯೆಲ್ಲ ಕಿವಿಯಾಗುವ ಜನ ನಾನು ಹೇಳಿದಾಗ ಆಕಳಿಸುವುದೇಕೆ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ. ಬರುವ ಹುಣ್ಣಿಮೆಗೆ ಅವನು ದೂರದ ಮಠವೊಂದಕ್ಕೆ ಗುರುವಾಗಿ ಹೊರಡಬೇಕಿತ್ತು. ಅಲ್ಲಿಯೂ ಜನ ಆಕಳಿಸಿದರೆ ಆ ಮಠದ ಬಾಗಿಲು ಮುಚ್ಚಿದಂತೆಯೇ.

ಗುರುಗಳು ತೊಡೆ ತಟ್ಟಿ ನಕ್ಕರು. "ಕೇಳು. ನನ್ನ ಮುತ್ತಜ್ಜ ಹುಟ್ಟುವ ಮೊದಲು ನಡೆದದ್ದು. ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕೆತ್ತನೆಗಾರನಿದ್ದ. ಲೋಹದ ಮೇಲೆ ಹೆಸರು ಕೊರೆಯುವುದರಲ್ಲಿ ಅವನಿಗೆ ಅವನೇ ಸಾಟಿ. ತಟ್ಟೆ, ತಂಬಿಗೆಗಳನ್ನು ಮೂಸಿಯೂ ನೋಡುತ್ತಿರಲಿಲ್ಲ. "ಚಪ್ಪಟೆ ಜಾಗದಲ್ಲಿ ಕೋಳಿಯೂ ಕೆರೆಯುತ್ತದೆ. ಸೊಟ್ಟಗಿರುವುದನ್ನು ತನ್ನಿ!" ಎನ್ನುತ್ತಿದ್ದ. ಗಿಂಡಿಯ ಮೂತಿಯಾಗಲಿ, ಅಡಕತ್ತರಿಯ ಕೊಕ್ಕಾಗಲಿ, ಉಳಿಯನ್ನು ಒಂದೇ ಕಡೆ ಹಿಡಿದು ವಸ್ತುವನ್ನೇ ತಿರುಗಿಸುವನು. ಅಕ್ಷರ ತಾನಾಗಿ ಬಂದು ಕೂರುವುದು. ಒಮ್ಮೆ ಮೂಗುತಿಯ ತಿರುಪಿನ ಮೇಲೆ ಒಂದು ಮನೆತನದ ವಂಶಾವಳಿಯನ್ನೇ ಕೊರೆದು, ಇನ್ನೂ ಜಾಗ ಉಳಿಯಿತೆಂದು ಅವರ ಹಸುವಿನ ಹೆಸರನ್ನೂ ಸೇರಿಸಿದ್ದನಂತೆ.

ಒಂದು ಬೆಳಿಗ್ಗೆ ಕೋಟೆಯ ಕೊಂಬಿನವನು ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲಿದ್ದ ಹಿತ್ತಾಳೆಯ ಕೊಂಬು, ಕಪ್ಪೆ ನುಂಗಿದ ಹಾವು ಹೊಟ್ಟೆನೋವಿಗೆ ಹೊರಳಿದಂತಿತ್ತು.

"ಅಣ್ಣಾ, ಹೊಸ ಪಾಳೆಯಗಾರರ ಅಪ್ಪಣೆಯಾಗಿದೆ. ಇದರ ಮೇಲೆ ಅವರ ವಂಶದ ಏಳು ತಲೆಮಾರಿನವರ ಹೆಸರಿರಬೇಕು. ಇಂದು ಸಂಜೆ ಕೋಟೆಯ ಮೇಲೆ ನಿಂತು ಊದಿದರೆ ಎದುರು ಗುಡ್ಡಕ್ಕೆ ಕೇಳಬೇಕು. ಎರಡರಲ್ಲಿ ಒಂದು ತಪ್ಪಿದರೂ ನನ್ನ ಕೆಲಸ ಬೇರೆಯವನ ಪಾಲು."

ಕೆತ್ತನೆಗಾರನ ಕಣ್ಣು ಕೊಂಬಿನ ಡೊಂಕಿನ ಮೇಲೆ ಜಾರಿ ಜಾರಿ ಹೋಯಿತು. ಇಷ್ಟು ಸೊಟ್ಟಗಿರುವುದು ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. "ಏಳೇ ಹೆಸರೇ ತಮ್ಮಾ? ಎಪ್ಪತ್ತು ಹೇಳು!" ಎಂದು ಕಿತ್ತುಕೊಂಡ.

ತೆಳು ಹಿತ್ತಾಳೆ ಉಳಿಯ ಪೆಟ್ಟಿಗೆ ತಗ್ಗು ಬೀಳುತ್ತದೆ. ಅದಕ್ಕಾಗಿ ಟೊಳ್ಳು ವಸ್ತುವಿಗೆ ಅರಗು ಕರಗಿಸಿ ತುಂಬುವುದು ಕಸುಬಿನ ಪದ್ಧತಿ. ಅರಗು ಗಟ್ಟಿಯಾದ ಮೇಲೆ ಕೆತ್ತಬೇಕು, ಕೆತ್ತಿದ ಮೇಲೆ ಬೆಂಕಿ ತೋರಿಸಿ ಅರಗನ್ನು ಇಳಿಸಬೇಕು. ಅವನು ತುಂಬಿದ, ಕೆತ್ತಿದ. ಇಳಿಹೊತ್ತಿಗೆ ಏಳು ಹೆಸರೂ ಬಳ್ಳಿಯಂತೆ ಕೊಂಬನ್ನು ಸುತ್ತಿಕೊಂಡು ಮಿಂಚಿದವು. ತನ್ನ ಕೆಲಸ ಕಂಡು ಅವನಿಗೇ ಮೈ ಜುಮ್ಮೆಂದಿತು.

ಬೆಂಕಿ ತೋರಿಸಲು ಮಾತ್ರ ಕೈ ಬರಲಿಲ್ಲ. ಅಕ್ಷರಕ್ಕೆ ಮಸಿ ಹಿಡಿದರೆ? ಅವನು ಎರಡು ತುದಿಯಿಂದಲೂ ತಂತಿ ಹಾಕಿ ಸಿಕ್ಕಷ್ಟು ಅರಗನ್ನು ಕೆರೆದು ತೆಗೆದ. ನಡುವಿನ ಡೊಂಕಿಗೆ ತಂತಿ ಮುಟ್ಟಲಿಲ್ಲ. ಗಾಳಿಗೆ ದಾರಿ ಹುಡುಕಲು ಬಾರದೇ ಎಂದುಕೊಂಡ.

"ಒಮ್ಮೆ ಊದಿ ನೋಡಲೇ ಅಣ್ಣಾ?"

"ಬೆರಳು ತಾಗಿದರೆ ಹೊಳಪು ಹೋದೀತು! ಕೋಟೆಯ ಮೇಲೇ ಊದುವೆಯಂತೆ, ನಡೆ!"

ಕೋಟೆಯ ಮೇಲೆ ಊರೇ ನೆರೆದಿತ್ತು. ಪಾಳೆಯಗಾರ ಕೊಂಬನ್ನು ತಿರುತಿರುಗಿಸಿ ನೋಡಿ "ಭಲೇ!" ಎಂದ. ಕೆತ್ತನೆಗಾರ ಬೀಗಿದ. ಕೊಂಬಿನವನು ಕೊಂಬನ್ನು ತುಟಿಗಿಟ್ಟ. ಕೆನ್ನೆ ಕುಂಬಳಕಾಯಿಯಾಯಿತು, ಕಣ್ಣು ಹೊರಬಂತು, ಮುಂಡಾಸು ಬಿಚ್ಚಿಕೊಂಡಿತು. ಸದ್ದಿಲ್ಲ. ಇನ್ನೊಮ್ಮೆ ಊದಿದ. ಸದ್ದಿಲ್ಲ.

"ಎದೆಯಲ್ಲಿ ಉಸಿರಿಲ್ಲದವನನ್ನು ಇಟ್ಟುಕೊಂಡು ಏನು ಮಾಡಲಿ?" ಎಂದ ಪಾಳೆಯಗಾರ.

ಕೊಂಬಿನವನು ತಲೆ ತಗ್ಗಿಸಿದ. ತನ್ನ ಉಸಿರೇ ಕೈಕೊಟ್ಟಿತೆಂದು ಅವನು ನಂಬಿಬಿಟ್ಟಿದ್ದ. ಅರಗು ಎಲ್ಲಿದೆಯೆಂದು ಬಲ್ಲವನು ಅಲ್ಲಿ ಒಬ್ಬನೇ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಆ ಅಕ್ಷರಗಳು ನೂರು ವರ್ಷ ಹೊಳೆಯುತ್ತಿದ್ದವು.

ಕೆತ್ತನೆಗಾರ ಒಂದೇ ನೆಗೆತಕ್ಕೆ ಕೊಂಬನ್ನು ಕಿತ್ತುಕೊಂಡು ಕಾವಲುಗಾರರ ಅಗ್ಗಿಷ್ಟಿಕೆಯ ಮೇಲೆ ಹಿಡಿದ. ಹೊಗೆ ಎದ್ದಿತು. ಏಳು ಹೆಸರಿಗೂ ಮಸಿ ಹತ್ತಿತು. ಅವನ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಹಿಂದೆ ಸರಿಯಲಿಲ್ಲ. ಅರಗು ತೊಟ್ಟು ತೊಟ್ಟಾಗಿ ಇಳಿದು ಹೋಯಿತು.

"ಈಗ ಊದು ತಮ್ಮಾ!"

ಕೊಂಬಿನವನು ತುದಿಗೆ ಬಟ್ಟೆ ಸುತ್ತಿ ಹಿಡಿದು ಊದಿದ. ಏನು ಕೂಗು ಅದು! ಎದುರು ಗುಡ್ಡ ಮೂರು ಬಾರಿ ಓಗೊಟ್ಟಿತು. ಅಲ್ಲಿ ಮೇಯುತ್ತಿದ್ದ ಎಮ್ಮೆಗಳು ಹಗ್ಗ ಕಿತ್ತು ಓಡಿದವು. ಅವುಗಳಲ್ಲಿ ಒಂದು ಇನ್ನೂ ಓಡುತ್ತಲೇ ಇದೆ. ಪಾಳೆಯಗಾರ ಕಿವಿ ಮುಚ್ಚಿಕೊಂಡೇ ಕೆಲಸ ಖಾಯಂ ಎಂದು ಕೂಗಿದ.

ಚೆನ್ನಮಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದ. "ಆ ಕೆತ್ತನೆಗಾರ ಭೇಷ್ ಗುರುಗಳೇ! ತನ್ನ ಕೈಯಾರೆ ಬೆಂಕಿ ತೋರಿಸಿದನಲ್ಲ!"

ಗುರುಗಳು ಅವನನ್ನು ಅಡಿಯಿಂದ ಮುಡಿಯವರೆಗೆ ಪ್ರೀತಿಯಿಂದ ನೋಡಿದರು. ಅವನ ಚಪ್ಪಾಳೆ ನಿಂತಿತು.

"ನಿನ್ನ ಮೇಲೆ ನನ್ನ ಅಕ್ಷರ ಬಹಳ ಚೆನ್ನಾಗಿ ಬಂದಿದೆ ಚೆನ್ನಮಲ್ಲಾ, ಒಳಗಿನ ಅರಗಿಗೆ ಬೆಂಕಿ ತೋರಿಸಲು ನನಗಿನ್ನೂ ಕೈ ಬಂದಿಲ್ಲ."