ಚಕ್ರಕ್ಕೆ ಇಟ್ಟ ಕಲ್ಲು

ಮಾತು ಶುರು ಮಾಡುವ ಮುನ್ನ ಕೈಗಡಿಯಾರದ ಪಟ್ಟಿಯನ್ನು ಒಮ್ಮೆ ಬಿಗಿ ಮಾಡಿಕೊಳ್ಳುವುದು ಆ ಶಿಷ್ಯೆಯ ರೂಢಿ. ಅಂದು ಪಾಠ ಮುಗಿದ ಮೇಲೆ ಅವಳು ಪಟ್ಟಿ ಬಿಗಿ ಮಾಡಿಕೊಂಡು ಕೇಳಿದಳು:

"ಗುರುಗಳೇ, ನಮ್ಮ ತಂದೆಗೆ ವಯಸ್ಸಾಯಿತು. ಅವರ ಹಳೆಯ ಕಾರನ್ನು ಮಾರಬೇಕು. ಕಂಡವರನ್ನೆಲ್ಲ ನಂಬುವ ಜೀವ ಅದು. ಅವರು ಮೋಸ ಹೋಗದಂತೆ ನಾನು ಹೇಗೆ ಕಾಯಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಸಂತೆಯಿಂದ ಸಂತೆಗೆ ಬಳೆ ಒಯ್ಯಲು ಅವನಿಗೊಂದು ವ್ಯಾನು ಇತ್ತು. ಎಲ್ಲಿ ನಿಲ್ಲಿಸಿದರೂ ಅವನು ಸೀಟಿನ ಕೆಳಗಿಂದ ಒಂದು ಕಪ್ಪು ಕಲ್ಲು ತೆಗೆದುಕೊಂಡು ಇಳಿದು, ಹಿಂದಿನ ಚಕ್ರಕ್ಕೆ ಒತ್ತಿ ಇಡುತ್ತಿದ್ದ. ಅಂಗೈಯಂಥ ಬಯಲಲ್ಲಿ ನಿಲ್ಲಿಸಿದರೂ ಇಡುತ್ತಿದ್ದ. ಸಂತೆಯ ಜನ ನಗುತ್ತಿದ್ದರು. ಬಳೆಗಾರ ಗಾಡಿಗೆ ಎಡೆ ಇಟ್ಟಾಯಿತು, ಇನ್ನು ಮಂಗಳಾರತಿ ಒಂದು ಬಾಕಿ ಎನ್ನುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ.

ಅವನ ಕಣ್ಣು ಮಂಜಾಯಿತು. ಇನ್ನು ಗಾಡಿ ಓಡಿಸಬೇಡಿ ಎಂದು ವೈದ್ಯರು ಹೇಳಿದರು. ಮಾರುವ ಹೊಣೆಯನ್ನು ಮಗಳು ಹೊತ್ತಳು. ಓದಿದವಳು, ಎಚ್ಚರದವಳು. ಕೊಳ್ಳಲು ಬಂದವರಿಗೆ ಮನೆಯ ವಿಳಾಸ ಕೊಡಲಿಲ್ಲ. ಪೊಲೀಸ್ ಠಾಣೆಯ ಎದುರಿನ ಮರದ ಕೆಳಗೇ ಬರಹೇಳಿದಳು. ಓಡಿಸಿ ನೋಡುತ್ತೇವೆ ಎಂದರೆ ತಾನೂ ಜೊತೆಗೆ ಕೂತಳು. ಹಣ ಬ್ಯಾಂಕಿಗೆ ಬರುವ ತನಕ ಕೀಲಿ ಕೈಬಿಡಲಿಲ್ಲ. ಹೆಸರು ಬದಲಾಯಿಸುವ ಕಾಗದವನ್ನು ತಾನೇ ಮುಂದೆ ನಿಂತು ಮಾಡಿಸಿದಳು. ಗಾಡಿಯನ್ನು ತೊಳೆದು, ಒಳಗಿನ ಕಸವನ್ನೆಲ್ಲ ತೆಗೆದು, ಹೊಸದರಂತೆ ಮಾಡಿದ್ದಳು.

ತಂದೆಗೆ ಮಾತ್ರ ಮೊದಲೇ ಹೇಳಿಟ್ಟಿದ್ದಳು: "ಅಪ್ಪಾ, ನೀವು ಬಾಯಿ ತೆರೆದರೆ ಗಾಡಿಯ ಜಾತಕವನ್ನೇ ಓದಿಬಿಡ್ತೀರಿ. ಅಲ್ಲಿ ಬಂದು ಸುಮ್ಮನೆ ಕೂತಿರಿ, ಸಾಕು."

ಕೊಂಡವನು ಒಬ್ಬ ಹೂವಿನ ವ್ಯಾಪಾರಿ. ಮೆಕ್ಯಾನಿಕ್‌ನನ್ನು ಕರೆತಂದು ನೋಡಿಸಿದ. ಎಲ್ಲ ಸರಿಯಿದೆ ಎಂದಾಯಿತು. ಅವನು ಸಂತೋಷದಲ್ಲಿ ತನ್ನ ಮನೆಯ ಸುದ್ದಿ ಹೇಳತೊಡಗಿದ. ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಂತೆ. ದಾರಿ ಮೇಲೆ, ಜಗಲಿ ಕೆಳಗೆ. ಹೂವಿನ ಮೂಟೆ ಹೊತ್ತು ಹತ್ತಿ ಇಳಿದು ಅವನ ಅವ್ವನ ಬೆನ್ನು ಬಾಗಿತ್ತಂತೆ. ಇನ್ನು ಮೇಲೆ ಅವಳು ಜಗಲಿಯಲ್ಲಿ ಕೂತು ಹೂ ಕಟ್ಟಿಕೊಂಡಿದ್ದರೆ ಸಾಕು ಎಂದ.

ಇಳಿಜಾರು ಎಂದಾಗ ಬಳೆಗಾರ ತಲೆಯೆತ್ತಿದ. ಏನೋ ಹೇಳಲು ಹೊರಟ. ಮಗಳು ಅವನ ಮೊಣಕೈ ಮುಟ್ಟಿದಳು. ಅವನು ತಲೆ ತಗ್ಗಿಸಿದ.

ಮನೆಗೆ ಬಂದ ಮೇಲೆ ತಂದೆ ಕೇಳಿದ್ದು ಒಂದೇ. ಕಲ್ಲನ್ನಾದರೂ ಅವನಿಗೆ ಕೊಟ್ಟೆಯಾ?

ಮಗಳು ನಕ್ಕಳು. ಕಲ್ಲನ್ನು ಗಾಡಿ ತೊಳೆದ ದಿನವೇ ಬೇಲಿಯಾಚೆ ಎಸೆದೆ, ಗಾಡಿಯಲ್ಲಿ ಕಲ್ಲು ಕಂಡರೆ ಯಾರು ಕೊಳ್ಳುತ್ತಾರೆ ಎಂದಳು. ತಂದೆ ನಗಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದ ಕೂಡಲೇ ಹಿಡಿಯುತ್ತದೆ, ಹಿಂದೆ ಲೋಡು ಇದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಬಿಟ್ಟುಬಿಡುತ್ತದೆ ಎಂದ. ಖಾಲಿ ಗಾಡಿಯಲ್ಲಿ ಯಾವ ಮೆಕ್ಯಾನಿಕ್‌ಗೂ ಅದು ತಿಳಿಯುವುದಿಲ್ಲ ಎಂದ. ಅಲ್ಲೇ ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಲು ಹೊರಟಳು. ಕೇಳಲಾಗಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಇಬ್ಬರೂ ಆಟೊ ಹತ್ತಿ ಗುಡ್ಡದ ಕಡೆ ಹೋದರು.

ಹೂವಿನ ಮೂಟೆ ತುಂಬಿದ ವ್ಯಾನು ದಾರಿಯಲ್ಲಿರಲಿಲ್ಲ. ಕೆಳಗೆ, ಜಗಲಿಯ ಮೇಲೆ ಏರಿ, ಗೋಡೆಗೆ ಮೂತಿ ಕೊಟ್ಟು ನಿಂತಿತ್ತು. ಅರ್ಧ ಕಟ್ಟಿದ ಸೇವಂತಿಗೆ ಮಾಲೆ ಚಕ್ರದ ಕೆಳಗಿತ್ತು. ಅದನ್ನು ಕಟ್ಟುತ್ತಿದ್ದ ಮುದುಕಿ ಆಗಷ್ಟೇ ನೀರು ಕುಡಿಯಲು ಒಳಗೆ ಎದ್ದು ಹೋಗಿದ್ದಳು. ಈಗ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಚೊಂಬು ಹಾಗೆಯೇ ಇತ್ತು.

ವ್ಯಾಪಾರಿ ಕೂಗಾಡಲಿಲ್ಲ. ಮಗಳ ಮುಖ ನೋಡಿ ಇಷ್ಟೇ ಹೇಳಿದ:

"ನೀವು ಎಲ್ಲಾನೂ ಬಿಡಿಸಿ ಬಿಡಿಸಿ ಹೇಳಿದ್ರಿ ಅಕ್ಕಾ. ಯಜಮಾನರು ಮಾತ್ರ ಏನೂ ಹೇಳಲಿಲ್ಲ. ನಾನು, ಪಾಪ, ಅವರಿಗೆ ಮಾತು ಬರೋದಿಲ್ಲ ಅಂದ್ಕೊಂಡೆ."

ಬಳೆಗಾರ ಅಂಗಳದಲ್ಲಿ ತಡಕಾಡಿ ಒಂದು ಕಲ್ಲು ಹುಡುಕಿದ. ಇನ್ನೆಲ್ಲಿಗೂ ಉರುಳಲಾರದ ಆ ಗಾಡಿಯ ಚಕ್ರಕ್ಕೆ ಅದನ್ನು ಒತ್ತಿ ಇಟ್ಟ. ಗಾಡಿಯನ್ನು ಮಗಳು ವಾಪಸು ಪಡೆದಳು, ಜಗಲಿಯನ್ನೂ ಕಟ್ಟಿಸಿಕೊಟ್ಟಳು. ಆದರೆ ಆ ಮುದುಕಿ ಮತ್ತೆ ಜಗಲಿಯಲ್ಲಿ ಕೂರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ತನ್ನ ತಂದೆಯ ಕಾರಿನಲ್ಲಿ ಅಂಥ ದೋಷವೇನೂ ಇಲ್ಲ, ಎಲ್ಲವನ್ನೂ ತಾನೇ ನೋಡಿದ್ದೇನೆ ಎಂದಳು.

ಗುರುಗಳು ತಲೆಯಾಡಿಸಿದರು.

"ಒಳ್ಳೆಯದು ಮಗಳೇ. ಕಾರು ನಿಲ್ಲಿಸಿ ಇಳಿದ ಮೇಲೆ ನಿನ್ನ ತಂದೆ ಮೊದಲು ಏನು ಮಾಡುತ್ತಾರೆ, ಅದೊಂದನ್ನು ಹೇಳು."

ಶಿಷ್ಯೆಯ ಕೈ ಗಡಿಯಾರದ ಪಟ್ಟಿಗೆ ಹೋಯಿತು. ಅಲ್ಲೇ ಉಳಿಯಿತು.