ಟಿವಿಯ ಹಿತೈಷಿ

ಒಂದು ಸಂಜೆ ವನಜಾಕ್ಷಮ್ಮನ ಮನೆಯ ಟಿವಿ ಏನು ಮಾಡಿದರೂ ಆನ್ ಆಗಲಿಲ್ಲ. ಆಕೆ ರಿಮೋಟನ್ನು ಅಂಗೈಗೆ ಬಡಿದರು, ಸೆಲ್ಲುಗಳನ್ನು ಅದಲುಬದಲು ಮಾಡಿದರು. ಕೊನೆಗೆ ಟಿವಿಯ ನೆತ್ತಿಗೇ ಎರಡೇಟು ಹಾಕಿ, "ಸೀರಿಯಲ್ ಹೊತ್ತಿಗೇ ಕೈಕೊಟ್ಟೆಯಲ್ಲೋ! ನಾಳೆಯೂ ಹೀಗೇ ಮಾಡಿದರೆ ಗುಜರಿಗೆ ಹಾಕ್ತೀನಿ" ಎಂದರು.

ಟಿವಿಗೆ ಜೀವವೇ ಬಾಯಿಗೆ ಬಂತು. ಬೆನ್ನು ಗೋಡೆಗಿದ್ದುದರಿಂದ ಹಿಂದೆ ಏನಾಗಿದೆ ಎಂಬುದೇ ಅದಕ್ಕೆ ತಿಳಿಯದು. ಮಧ್ಯಾಹ್ನ ಆಕೆಯೇ ಅದರ ಪ್ಲಗ್ ಕಿತ್ತು, ಆ ಜಾಗಕ್ಕೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ಮರೆತಿದ್ದರು.

"ಯಾಕಣ್ಣ, ಹುಷಾರಿಲ್ಲವೇ?" ಎಂದು ಚಾರ್ಜರ್ ಕೇಳಿತು.

"ಮೈಯಲ್ಲಿ ಒಂಚೂರೂ ತ್ರಾಣವಿಲ್ಲ ತಮ್ಮಾ."

"ನಿಮಗೂ ವಯಸ್ಸಾಯಿತಲ್ಲ. ಒಳಗಿನ ಬೋರ್ಡು ಸುಟ್ಟಿರಬೇಕು, ಇಲ್ಲವೇ ಯಾರದೋ ಕಣ್ಣು ಬಿದ್ದಿರಬೇಕು. ಯಾವುದಕ್ಕೂ ಒಳ್ಳೆಯ ಕಡೆ ತೋರಿಸಿಕೊಳ್ಳಿ" ಎಂದು ಚಾರ್ಜರ್ ಕೂತ ಜಾಗದಿಂದ ಅಲುಗಾಡದೆ ಮರುಗಿತು.

ಮರುದಿನ ರಿಪೇರಿಯ ಸಿದ್ದೇಗೌಡ ಬಂದ. ಚೀಲ ಬಿಚ್ಚುವ ಮೊದಲು ಟಿವಿಯ ಹಿಂದೆ ಬಗ್ಗಿ ನೋಡಿ, ತನ್ನಷ್ಟಕ್ಕೆ ನಕ್ಕ. ಚಾರ್ಜರನ್ನು ಕಿತ್ತು ಪಕ್ಕಕ್ಕಿಟ್ಟು, ನೆಲದಲ್ಲಿ ಬಿದ್ದಿದ್ದ ಪ್ಲಗ್ ಸಿಕ್ಕಿಸಿದ. ಝಗ್ಗೆಂದು ಬೆಳಕು ಬಂದು, ಸೀರಿಯಲ್ಲಿನ ಅತ್ತೆ ಸೊಸೆಯನ್ನು ಬೈಯತೊಡಗಿದಳು.

"ಒಳ್ಳೆ ಕೈಗುಣ ಕಣಪ್ಪ ನಿಂದು!" ಎಂದು ವನಜಾಕ್ಷಮ್ಮ ಅಡುಗೆಮನೆಯಿಂದಲೇ ಕೂಗಿದರು.

ಟಿವಿಗೆ ಕಣ್ಣು ತುಂಬಿ ಬಂತು. "ತಮ್ಮಾ, ನನ್ನ ಕಷ್ಟಕಾಲದಲ್ಲಿ ಒಂದು ಗಳಿಗೆಯೂ ಪಕ್ಕದಿಂದ ಕದಲದವನು ನೀನೊಬ್ಬನೇ" ಎಂದಿತು.

"ಅದರಲ್ಲೇನಿದೆ ಅಣ್ಣ" ಎಂದಿತು ಚಾರ್ಜರ್. "ನನ್ನ ಕೈಲಾದದ್ದು ನಾನು ಮಾಡಿದೆ."